ಗುಂಪಿನಲ್ಲಿ ಸೋಲಲಿಲ್ಲ, ವಿಶ್ವಕಪ್‌ಗೂ ಹೋಗಲಿಲ್ಲ: ಇಟಲಿಯನ್ನು ಹೊರಗಿಟ್ಟ ಅರ್ಹತಾ ಸುತ್ತಿನ ಲೆಕ್ಕ

2022ರ ಮಾರ್ಚ್ 24ರಂದು ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಇಟಲಿ ಮತ್ತು ಉತ್ತರ ಮ್ಯಾಸಿಡೋನಿಯಾ ನಡುವೆ ಕತಾರ್ ಫುಟ್‌ಬಾಲ್ ವಿಶ್ವಕಪ್‌ನ ಅರ್ಹತಾ ಪಂದ್ಯ ನಡೆಯಿತು. ಒಂದು ಕಡೆ, ಎಂಟೂವರೆ ತಿಂಗಳ ಹಿಂದಷ್ಟೇ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ಮಣಿಸಿ ಯುರೋಪ್ ದೇಶಗಳ ಟೂರ್ನಿಯಾದ ಯುರೋ ಕಪ್ ಎತ್ತಿದ್ದ ತಂಡ. ಇನ್ನೊಂದು ಕಡೆ, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಪಟ್ಟಿಯಲ್ಲಿ 67ನೇ ಸ್ಥಾನದಲ್ಲಿದ್ದ, ಹದಿನೆಂಟು ಲಕ್ಷದಷ್ಟು ಜನಸಂಖ್ಯೆಯ ದೇಶದ ತಂಡ. ಇಟಲಿ 32 ಬಾರಿ ಗೋಲಿನತ್ತ ಚೆಂಡು ಹೊಡೆಯಿತು; ಒಂದೂ ಒಳಗೆ ಹೋಗಲಿಲ್ಲ. 90 ನಿಮಿಷ ಮುಗಿದು, ಆಟ ನಿಂತಿದ್ದಕ್ಕೆ ಪ್ರತಿಯಾಗಿ ರೆಫ್ರಿ ಸೇರಿಸಿದ ಸಮಯದ ಎರಡನೇ ನಿಮಿಷ ನಡೆಯುತ್ತಿದ್ದಾಗ ಅಲೆಕ್ಸಾಂಡರ್ ಟ್ರಾಯ್ಕೊವ್‌ಸ್ಕಿ ಪೆನಾಲ್ಟಿ ಆವರಣದ ಹೊರಗಿನಿಂದ ನೆಲಕ್ಕೊತ್ತಿ ಹೊಡೆದ ಚೆಂಡು ಗೋಲ್‌ಕೀಪರ್ ಜಾನ್‌ಲುಯಿಜಿ ಡೊನ್ನರುಮ್ಮ ಅವರ ಕೈಗೆ ಎಟುಕದೆ ಬಲೆ ಸೇರಿತು. ನಿದ್ದೆಗೆಟ್ಟು ಪಂದ್ಯ ನೋಡುತ್ತಿದ್ದ ಭಾರತದ ಅಭಿಮಾನಿಗಳಿಗೆ ಆಗ ಬೆಳಗಿನ ಜಾವ ಮೂರು ಗಂಟೆ. ನಾಲ್ಕು ಬಾರಿ ವಿಶ್ವಕಪ್ ಗೆದ್ದ ಇಟಲಿ ಸತತ ಎರಡನೇ ಸಲ ವಿಶ್ವಕಪ್‌ನಿಂದ ಹೊರಬಿತ್ತು. ಅದಕ್ಕೂ ಮುನ್ನ ತವರಿನಲ್ಲಿ ಆಡಿದ ಒಂದೇ ಒಂದು ವಿಶ್ವಕಪ್ ಅರ್ಹತಾ ಪಂದ್ಯವನ್ನೂ ಆ ದೇಶ ಸೋತಿರಲಿಲ್ಲ.

ಮರುದಿನ ಎಲ್ಲೆಡೆ ಕೇಳಿಬಂದ ಮಾತು ಒಂದೇ: ಪವಾಡ ನಡೆಯಿತು, ಅದೃಷ್ಟ ಕೈಕೊಟ್ಟಿತು. ಆ ರಾತ್ರಿಯ 90 ನಿಮಿಷಗಳನ್ನು ಮಾತ್ರ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಇಟಲಿ ಪಲೆರ್ಮೊದಲ್ಲಿ ಆ ಪಂದ್ಯ ಆಡಬೇಕಾಗಿ ಬಂದದ್ದೇ ಏಕೆ ಎಂದು ಕೇಳಿದಾಗ ಕಥೆ ಬೇರೆಯಾಗುತ್ತದೆ. ಯುರೋಪಿನ ಅರ್ಹತಾ ಸುತ್ತು ಹೇಗೆ ಕಟ್ಟಲ್ಪಟ್ಟಿದೆ, ಅಲ್ಲಿ ಒಂದು ಡ್ರಾದ ಬೆಲೆ ಎಷ್ಟು, ಒಂದು ಪೆನಾಲ್ಟಿಯ ಬೆಲೆ ಎಷ್ಟು ಎಂಬುದನ್ನು ಈ ಒಂದು ಉದಾಹರಣೆಯಷ್ಟು ಚೆನ್ನಾಗಿ ತೋರಿಸುವ ಪ್ರಸಂಗ ಇನ್ನೊಂದು ನನಗೆ ಗೊತ್ತಿಲ್ಲ.

ಹದಿಮೂರು ಕುರ್ಚಿ, ಐವತ್ತೈದು ಮಂದಿ

ಕತಾರ್ ವಿಶ್ವಕಪ್‌ನಲ್ಲಿ ಆಡಿದ್ದು 32 ತಂಡಗಳು. ಫಿಫಾ ಈ ಸ್ಥಾನಗಳನ್ನು ಖಂಡವಾರು ಹಂಚುತ್ತದೆ. ಯುರೋಪಿಗೆ ಸಿಕ್ಕಿದ್ದು 13. ಯುರೋಪ್ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎಯಲ್ಲಿ ಇರುವ ಸದಸ್ಯ ಸಂಸ್ಥೆಗಳು 55. ಆತಿಥೇಯ ದೇಶ ಯುರೋಪಿನದಲ್ಲದ ಕಾರಣ ನೇರ ಪ್ರವೇಶ ಯಾರಿಗೂ ಇರಲಿಲ್ಲ. ಐವತ್ತೈದೂ ತಂಡಗಳು ಅರ್ಹತಾ ಸುತ್ತಿನಲ್ಲಿ ಆಡಬೇಕಾಯಿತು.

ಇದನ್ನು ಯುರೋ ಕಪ್ ಜೊತೆ ಹೋಲಿಸಿ ನೋಡಬೇಕು. 2016ರಿಂದ ಆ ಟೂರ್ನಿಯಲ್ಲಿ 24 ತಂಡಗಳು ಆಡುತ್ತಿವೆ. ಅಂದರೆ ಯುರೋ ಕಪ್‌ಗೆ ಹೋಗುವ ಬಾಗಿಲು ವಿಶ್ವಕಪ್ ಬಾಗಿಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಅಗಲ. ಯುರೋಪಿನ ಚಾಂಪಿಯನ್ನರು ವಿಶ್ವಕಪ್ ತಪ್ಪಿಸಿಕೊಂಡರು ಎಂದಾಗ ಆಗುವ ಅಚ್ಚರಿ ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಸ್ವಲ್ಪ ತಗ್ಗುತ್ತದೆ. ಗುಂಪಿನಲ್ಲಿ ಎರಡನೇ ಸ್ಥಾನ ಪಡೆದವರಿಗೆ ಯುರೋ ಅರ್ಹತೆಯಲ್ಲಿ ಸಾಮಾನ್ಯವಾಗಿ ನೇರ ಟಿಕೆಟ್ ಸಿಗುತ್ತದೆ. ವಿಶ್ವಕಪ್ ಅರ್ಹತೆಯಲ್ಲಿ ಅದೇ ಎರಡನೇ ಸ್ಥಾನ ಅಪಾಯದ ಅಂಚು.

55 ತಂಡಗಳನ್ನು ಹತ್ತು ಗುಂಪುಗಳಾಗಿ ವಿಂಗಡಿಸಲಾಯಿತು. ಐದು ಗುಂಪುಗಳಲ್ಲಿ ಐದೈದು ತಂಡಗಳು, ಉಳಿದ ಐದರಲ್ಲಿ ಆರಾರು. ಪ್ರತಿಯೊಂದು ತಂಡ ಗುಂಪಿನ ಇತರ ತಂಡಗಳೊಂದಿಗೆ ತವರಿನಲ್ಲಿ ಒಮ್ಮೆ, ಎದುರಾಳಿಯ ನೆಲದಲ್ಲಿ ಒಮ್ಮೆ ಆಡಬೇಕು. ಗೆದ್ದರೆ 3 ಅಂಕ, ಡ್ರಾ ಆದರೆ 1. ಗುಂಪಿನ ಮೊದಲಿಗರು ನೇರವಾಗಿ ಕತಾರ್‌ಗೆ. ಹೀಗೆ 10 ಸ್ಥಾನಗಳು ತುಂಬಿದವು. ಉಳಿದ 3 ಸ್ಥಾನಗಳಿಗೆ ಹತ್ತು ಗುಂಪುಗಳ ಎರಡನೆಯವರು ಮತ್ತು ನೇಷನ್ಸ್ ಲೀಗ್ ಎಂಬ ಮತ್ತೊಂದು ಟೂರ್ನಿಯ ಸಾಧನೆಯ ಆಧಾರದ ಮೇಲೆ ಬಂದ ಇನ್ನೆರಡು ತಂಡಗಳು, ಒಟ್ಟು 12 ತಂಡಗಳು ಪ್ಲೇಆಫ್ ಆಡಬೇಕು. ಆ ಸಲ ನೇಷನ್ಸ್ ಲೀಗ್ ದಾರಿಯಲ್ಲಿ ಬಂದವು ಆಸ್ಟ್ರಿಯಾ ಮತ್ತು ಝೆಕ್ ಗಣರಾಜ್ಯ.

ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆದರೆ ಎಲ್ಲ ಚೀಟಿಗಳೂ ಒಂದೇ ಬಟ್ಟಲಿನಲ್ಲಿ ಇರುವುದಿಲ್ಲ. ಫಿಫಾ ರ‍್ಯಾಂಕಿಂಗ್ ಪ್ರಕಾರ ಮೊದಲ ಹತ್ತು ತಂಡಗಳು ಮೊದಲ ಬಟ್ಟಲಿಗೆ, ನಂತರದ ಹತ್ತು ಎರಡನೆಯದಕ್ಕೆ, ಹೀಗೆ ಹಂಚುತ್ತಾರೆ. ಪ್ರತಿ ಗುಂಪಿಗೆ ಪ್ರತಿ ಬಟ್ಟಲಿನಿಂದ ಒಂದು ತಂಡ. ದೊಡ್ಡ ತಂಡಗಳು ಆರಂಭದಲ್ಲೇ ಪರಸ್ಪರ ಹೊಡೆದಾಡಿ ಹೊರಬೀಳಬಾರದು ಎಂಬುದು ಇದರ ಉದ್ದೇಶ. ಇಟಲಿ ಮೊದಲ ಬಟ್ಟಲಿನಲ್ಲಿತ್ತು, ಸ್ವಿಟ್ಜರ್ಲೆಂಡ್ ಎರಡನೆಯದರಲ್ಲಿ, ಉತ್ತರ ಮ್ಯಾಸಿಡೋನಿಯಾ ನಾಲ್ಕನೆಯದರಲ್ಲಿ. ಇಟಲಿಯ ಪಾಲಿಗೆ ಬಂದದ್ದು ಸಿ ಗುಂಪು: ಸ್ವಿಟ್ಜರ್ಲೆಂಡ್, ಉತ್ತರ ಐರ್ಲೆಂಡ್, ಬಲ್ಗೇರಿಯಾ ಮತ್ತು ಲಿಥುವೇನಿಯಾ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಮಂದಿ ಗಮನಿಸದೆ ಬಿಟ್ಟದ್ದು. ಇಟಲಿ ಐದು ತಂಡಗಳ ಗುಂಪಿನಲ್ಲಿ ಇದ್ದದ್ದು ಆಕಸ್ಮಿಕವಲ್ಲ. ನೇಷನ್ಸ್ ಲೀಗ್‌ನ ಅಂತಿಮ ನಾಲ್ಕರ ಹಂತ ತಲುಪಿದ್ದ ಇಟಲಿ, ಸ್ಪೇನ್, ಫ್ರಾನ್ಸ್ ಮತ್ತು ಬೆಲ್ಜಿಯಂ ತಂಡಗಳಿಗೆ 2021ರ ಅಕ್ಟೋಬರ್‌ನಲ್ಲಿ ಆ ಪಂದ್ಯಗಳನ್ನು ಆಡಲು ದಿನಗಳು ಬೇಕಿದ್ದವು. ಆದ್ದರಿಂದ ಆ ನಾಲ್ಕನ್ನೂ ಚಿಕ್ಕ ಗುಂಪುಗಳಲ್ಲೇ ಇರಿಸಲಾಯಿತು. ಚಿಕ್ಕ ಗುಂಪಿನಲ್ಲಿ 8 ಪಂದ್ಯ, ದೊಡ್ಡದರಲ್ಲಿ 10. ದಣಿವು ಕಡಿಮೆ ಎನ್ನುವುದೇನೋ ನಿಜ. ಆದರೆ ಎಡವಿದಾಗ ಸರಿಪಡಿಸಿಕೊಳ್ಳಲು ಸಿಗುವ ಅವಕಾಶವೂ ಎರಡು ಕಡಿಮೆ. ದಕ್ಷಿಣ ಅಮೆರಿಕದಲ್ಲಿ ಹತ್ತು ತಂಡಗಳು ಒಂದೇ ಗುಂಪಿನಲ್ಲಿ ತಲಾ 18 ಪಂದ್ಯ ಆಡುತ್ತವೆ. ಅಲ್ಲಿ ಬ್ರೆಜಿಲ್ ಅಥವಾ ಅರ್ಜೆಂಟೀನಾ ಮೂರು ಪಂದ್ಯ ಕೈಚೆಲ್ಲಿದರೂ ದಾರಿ ಮುಚ್ಚುವುದಿಲ್ಲ. ಎಂಟು ಪಂದ್ಯಗಳ ಗುಂಪಿನಲ್ಲಿ ಆ ಸೌಲಭ್ಯವಿಲ್ಲ.

ನಾಲ್ಕು ಡ್ರಾಗಳು

2021ರ ಮಾರ್ಚ್‌ನಲ್ಲಿ ಇಟಲಿ ಮೂರಕ್ಕೆ ಮೂರನ್ನೂ ಗೆದ್ದು ಶುರುಮಾಡಿತು. ಪಾರ್ಮಾದಲ್ಲಿ ಉತ್ತರ ಐರ್ಲೆಂಡ್ ವಿರುದ್ಧ, ಸೋಫಿಯಾದಲ್ಲಿ ಬಲ್ಗೇರಿಯಾ ವಿರುದ್ಧ, ವಿಲ್ನಿಯಸ್‌ನಲ್ಲಿ ಲಿಥುವೇನಿಯಾ ವಿರುದ್ಧ, ಮೂರರಲ್ಲೂ 2-0. ಬೇಸಿಗೆಯಲ್ಲಿ ಯುರೋ ಕಪ್ ಗೆದ್ದಿತು. ಸೆಪ್ಟೆಂಬರ್ 2ರಂದು ಚಾಂಪಿಯನ್ ಪಟ್ಟದೊಂದಿಗೆ ಫ್ಲಾರೆನ್ಸ್‌ನಲ್ಲಿ ಬಲ್ಗೇರಿಯಾವನ್ನು ಎದುರಿಸಿದಾಗ ಫೆಡೆರಿಕೊ ಕಿಯೆಜಾ ಬೇಗನೆ ಗೋಲು ಹೊಡೆದರು. ಮೊದಲಾರ್ಧ ಮುಗಿಯುವ ಮುನ್ನವೇ ಬಲ್ಗೇರಿಯಾ ಸಮ ಮಾಡಿತು. ಆಮೇಲೆ ಇಟಲಿ ಒಂದೇ ಸಮನೆ ದಾಳಿ ನಡೆಸಿದರೂ ಪಂದ್ಯ 1-1ರಲ್ಲೇ ನಿಂತಿತು. ನನ್ನ ದೃಷ್ಟಿಯಲ್ಲಿ ಪಲೆರ್ಮೊದ ಸೋಲಿನ ಬೀಜ ಬಿದ್ದದ್ದು ಆ ಸಂಜೆ. ತವರಿನಲ್ಲಿ, ಹಬ್ಬದ ವಾತಾವರಣದಲ್ಲಿ, ಗುಂಪಿನ ದುರ್ಬಲ ತಂಡಗಳಲ್ಲಿ ಒಂದರ ಎದುರು ಕೈತಪ್ಪಿದ ಆ ಎರಡು ಅಂಕಗಳನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ.

ಮೂರು ದಿನಗಳ ನಂತರ ಬಾಸೆಲ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಪಂದ್ಯ. ದ್ವಿತೀಯಾರ್ಧದ ಆರಂಭದಲ್ಲಿ ಇಟಲಿಗೆ ಪೆನಾಲ್ಟಿ ಸಿಕ್ಕಿತು. ಹೊಡೆದದ್ದು ಜೊರ್ಜಿನ್ಯೊ. ಯುರೋ ಸೆಮಿಫೈನಲ್‌ನಲ್ಲಿ ಸ್ಪೇನ್ ವಿರುದ್ಧ ನಿರ್ಣಾಯಕ ಪೆನಾಲ್ಟಿಯನ್ನು ಶಾಂತವಾಗಿ ಒಳಗೆ ತಳ್ಳಿದ್ದವರು ಅವರೇ. ಓಡಿಬಂದು, ಕೊನೆಯ ಕ್ಷಣದಲ್ಲಿ ಪುಟ್ಟದಾಗಿ ಜಿಗಿದು, ಗೋಲ್‌ಕೀಪರ್ ಯಾವ ಕಡೆಗೆ ವಾಲುತ್ತಾರೆ ಎಂದು ನೋಡಿ ಇನ್ನೊಂದು ಕಡೆಗೆ ಹೊಡೆಯುವುದು ಅವರ ಶೈಲಿ. ಎದುರಿಗಿದ್ದದ್ದು ಯಾನ್ ಸೊಮ್ಮರ್. ಯುರೋ ಕಪ್‌ನಲ್ಲಿ ಕಿಲಿಯನ್ ಎಂಬಾಪೆಯ ಪೆನಾಲ್ಟಿ ತಡೆದು ಫ್ರಾನ್ಸನ್ನು ಮನೆಗೆ ಕಳುಹಿಸಿದ್ದ ಗೋಲ್‌ಕೀಪರ್. ಸೊಮ್ಮರ್ ತಡೆದರು. ಪಂದ್ಯ 0-0.

ನವೆಂಬರ್ 12ರಂದು ರೋಮ್‌ನಲ್ಲಿ ಅದೇ ಎರಡು ತಂಡಗಳು ಮತ್ತೆ ಎದುರಾದವು. ಸಿಲ್ವಾನ್ ವಿಡ್ಮರ್ 11ನೇ ನಿಮಿಷದಲ್ಲೇ ಸ್ವಿಟ್ಜರ್ಲೆಂಡ್‌ಗೆ ಮುನ್ನಡೆ ತಂದರು. ಜೊವಾನಿ ಡಿ ಲೊರೆಂಜೊ ತಲೆಯಿಂದ ಚೆಂಡು ತಾಗಿಸಿ ಸಮ ಮಾಡಿದರು. ಪಂದ್ಯ ಮುಗಿಯುವ ಹೊತ್ತಿಗೆ ಇಟಲಿಗೆ ಮತ್ತೆ ಪೆನಾಲ್ಟಿ. ಮತ್ತೆ ಜೊರ್ಜಿನ್ಯೊ. ಈ ಸಲ ಚೆಂಡು ಅಡ್ಡಪಟ್ಟಿಯ ಮೇಲಿನಿಂದ ಹಾರಿಹೋಯಿತು. 1-1.

ಈ ಎರಡು ಹೊಡೆತಗಳ ಬೆಲೆಯನ್ನು ಲೆಕ್ಕ ಹಾಕಿ ನೋಡಬೇಕು. ಗುಂಪಿನ ಎಲ್ಲ ಪಂದ್ಯಗಳು ಮುಗಿದಾಗ ಸ್ವಿಟ್ಜರ್ಲೆಂಡ್ 18 ಅಂಕ, ಇಟಲಿ 16. ಬಾಸೆಲ್‌ನದ್ದೋ ರೋಮ್‌ನದ್ದೋ ಯಾವುದಾದರೂ ಒಂದು ಪೆನಾಲ್ಟಿ ಒಳಗೆ ಹೋಗಿ ಇಟಲಿ ಆ ಪಂದ್ಯ ಗೆದ್ದಿದ್ದರೆ ಅದರ ಖಾತೆಗೆ ಇನ್ನೆರಡು ಅಂಕ ಸೇರಿ 18 ಆಗುತ್ತಿತ್ತು. ಅದೇ ಪಂದ್ಯದಿಂದ ಸ್ವಿಟ್ಜರ್ಲೆಂಡ್ ಪಡೆದ ಒಂದು ಅಂಕ ಕಳೆದು ಅವರು 17ಕ್ಕೆ ಇಳಿಯುತ್ತಿದ್ದರು. ನೇರ ಎದುರಾಳಿಯ ವಿರುದ್ಧದ ಪಂದ್ಯದಲ್ಲಿ ಒಂದು ಗೋಲು ಹೀಗೆ ಮೂರು ಅಂಕಗಳ ವ್ಯತ್ಯಾಸ ತರುತ್ತದೆ. ಇಷ್ಟಾದರೂ ಜೊರ್ಜಿನ್ಯೊ ಒಬ್ಬರ ಮೇಲೆ ಎಲ್ಲ ಹೊರೆ ಹೊರಿಸುವುದು ನ್ಯಾಯವಲ್ಲ ಎಂದೇ ನಾನು ನಂಬುತ್ತೇನೆ. ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯ ಆ ವರ್ಷದ ಮತದಾನದಲ್ಲಿ ಮೂರನೆಯವರಾಗಿದ್ದ ಆಟಗಾರ ಅವರು. ಅವರಿಲ್ಲದಿದ್ದರೆ ಇಟಲಿ ಯುರೋ ಫೈನಲ್ ತಲುಪುತ್ತಿತ್ತೇ ಎಂಬುದೇ ಅನುಮಾನ. ಉಳಿದ ಹತ್ತು ಮಂದಿಗೆ ಗೋಲು ಬಾರಿಸಲು ಆಗದ ಕಾರಣ ಆ ಎರಡು ಪೆನಾಲ್ಟಿಗಳ ಮೇಲೆ ಅಷ್ಟು ಭಾರ ಬಿತ್ತು.

ಬೆಲ್‌ಫಾಸ್ಟ್ ಮತ್ತು ಲುಸರ್ನ್

ಕೊನೆಯ ದಿನ, 2021ರ ನವೆಂಬರ್ 15. ನಡುವೆ ಲಿಥುವೇನಿಯಾವನ್ನು ಇನ್ನೊಮ್ಮೆ ಸೋಲಿಸಿದ್ದ ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಇಬ್ಬರಿಗೂ 15 ಅಂಕ. ಅಂಕಗಳು ಸಮವಾದಾಗ ವಿಶ್ವಕಪ್ ಅರ್ಹತೆಯಲ್ಲಿ ಮೊದಲು ನೋಡುವುದು ಗೋಲುಗಳ ಅಂತರವನ್ನು, ಅಂದರೆ ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟವನ್ನು ಕಳೆದರೆ ಉಳಿಯುವ ಸಂಖ್ಯೆ. ಇಟಲಿ 13 ಹೊಡೆದು 2 ಬಿಟ್ಟಿತ್ತು: ಅಂತರ 11. ಸ್ವಿಟ್ಜರ್ಲೆಂಡ್ 11 ಹೊಡೆದು 2 ಬಿಟ್ಟಿತ್ತು: ಅಂತರ 9. ಅಂತರವೂ ಸಮವಾದರೆ ಹೆಚ್ಚು ಗೋಲು ಹೊಡೆದವರು ಮುಂದೆ. ಅದೂ ಸಮವಾದರೆ ಆ ಎರಡು ತಂಡಗಳ ಪರಸ್ಪರ ಪಂದ್ಯಗಳ ಫಲಿತಾಂಶ.

ಇಟಲಿ ಬೆಲ್‌ಫಾಸ್ಟ್‌ನ ವಿಂಡ್ಸರ್ ಪಾರ್ಕ್‌ನಲ್ಲಿ ಉತ್ತರ ಐರ್ಲೆಂಡ್ ವಿರುದ್ಧ, ಸ್ವಿಟ್ಜರ್ಲೆಂಡ್ ತನ್ನ ನೆಲದ ಲುಸರ್ನ್‌ನಲ್ಲಿ ಬಲ್ಗೇರಿಯಾ ವಿರುದ್ಧ, ಎರಡೂ ಪಂದ್ಯಗಳು ಏಕಕಾಲಕ್ಕೆ. ಗುಂಪಿನ ಕೊನೆಯ ಪಂದ್ಯಗಳನ್ನು ಒಟ್ಟಿಗೆ ನಡೆಸುವುದಕ್ಕೆ ಕಾರಣವಿದೆ. ಮೊದಲು ಆಡಿದವರ ಫಲಿತಾಂಶ ನೋಡಿಕೊಂಡು ನಂತರದವರು ತಮಗೆ ಬೇಕಾದಷ್ಟೇ ಆಡುವುದನ್ನು ಇದು ತಪ್ಪಿಸುತ್ತದೆ. ಮೊದಲಾರ್ಧ ಮುಗಿದಾಗ ಎರಡೂ ಕಡೆ 0-0. ಆ ಹದಿನೈದು ನಿಮಿಷಗಳ ವಿರಾಮದಲ್ಲಿ ಇಟಲಿ ವಿಶ್ವಕಪ್‌ಗೆ ಹೋಗುವ ತಂಡವಾಗಿತ್ತು. ದ್ವಿತೀಯಾರ್ಧ ಶುರುವಾಗಿ ಮೂರೇ ನಿಮಿಷಕ್ಕೆ ಲುಸರ್ನ್‌ನಲ್ಲಿ ಮೊದಲ ಗೋಲು ಬಿತ್ತು. ನಂತರ ಎರಡನೆಯದು, ಮೂರನೆಯದು, ಕೊನೆಯಲ್ಲಿ ನಾಲ್ಕನೆಯದು. ಸ್ವಿಟ್ಜರ್ಲೆಂಡ್ 4-0.

ಆ ನಾಲ್ಕು ಗೋಲುಗಳ ನಂತರ ಸ್ವಿಟ್ಜರ್ಲೆಂಡಿನ ಅಂತರ 13 ಆಯಿತು. ಇಟಲಿ ಬೆಲ್‌ಫಾಸ್ಟ್‌ನಲ್ಲಿ 1-0ಯಿಂದ ಗೆದ್ದಿದ್ದರೂ ಅಂತರ 12ರಲ್ಲಿ ನಿಲ್ಲುತ್ತಿತ್ತು. ಗೆದ್ದರೂ ಎರಡನೇ ಸ್ಥಾನವೇ. 2-0ಯಿಂದ ಗೆದ್ದಿದ್ದರೆ ಅಂತರವೂ ಸಮ, ಹೊಡೆದ ಒಟ್ಟು ಗೋಲುಗಳೂ 15ಕ್ಕೆ 15 ಸಮ, ಪರಸ್ಪರ ಎರಡು ಪಂದ್ಯಗಳೂ ಡ್ರಾ. ಆಗ ಎದುರಾಳಿಯ ನೆಲದಲ್ಲಿ ಹೊಡೆದ ಗೋಲನ್ನು ನೋಡಬೇಕಾಗುತ್ತಿತ್ತು, ರೋಮ್‌ನಲ್ಲಿ ವಿಡ್ಮರ್ ಹೊಡೆದ ಆ ಒಂದು ಗೋಲು ಸ್ವಿಟ್ಜರ್ಲೆಂಡ್ ಕೈಹಿಡಿಯುತ್ತಿತ್ತು. ಆಟಗಾರರು 4-0ಯಿಂದ ಮುಂದಿರುವಾಗಲೂ ಐದನೆಯದಕ್ಕೆ ಓಡುವುದನ್ನು, 90ನೇ ನಿಮಿಷದಲ್ಲಿ ಚೆಂಡನ್ನು ಬಲೆಯಿಂದ ತಾವೇ ಎತ್ತಿಕೊಂಡು ಬಂದು ನಡುಗೆರೆಯಲ್ಲಿ ಇಡುವುದನ್ನು ನೋಡಿ ಇದೆಲ್ಲ ಏಕೆ ಎಂದುಕೊಳ್ಳುವವರಿಗೆ ಉತ್ತರ ಈ ಲೆಕ್ಕದಲ್ಲಿದೆ.

ಇಟಲಿ ಒಂದು ಗೋಲೂ ಹೊಡೆಯಲಿಲ್ಲ. 0-0. ಉತ್ತರ ಐರ್ಲೆಂಡ್‌ಗೆ ಆ ಪಂದ್ಯದಿಂದ ಅಂಕಪಟ್ಟಿಯಲ್ಲಿ ಗಳಿಸುವುದು ಏನೂ ಇರಲಿಲ್ಲ, ಆದರೂ ಅವರು ಒಂದಿಂಚು ಬಿಟ್ಟುಕೊಡಲಿಲ್ಲ. ಆ ಅರ್ಹತಾ ಸುತ್ತಿನಲ್ಲಿ ವಿಂಡ್ಸರ್ ಪಾರ್ಕ್‌ನಲ್ಲಿ ಆಡಿದ ನಾಲ್ಕು ಪಂದ್ಯಗಳಲ್ಲಿ ಅವರು ಒಂದು ಗೋಲನ್ನೂ ಬಿಟ್ಟುಕೊಟ್ಟಿಲ್ಲ. ಕೊನೆಯ ಹೊತ್ತಿನಲ್ಲಿ ಅವರೇ ಗೋಲು ಹೊಡೆಯುವ ಸ್ಥಿತಿ ಬಂದು, ಲಿಯೊನಾರ್ಡೊ ಬೊನುಚ್ಚಿ ಚೆಂಡನ್ನು ಗೆರೆಯ ಬಳಿ ತಡೆಯಬೇಕಾಯಿತು.

ಬೆಲ್‌ಫಾಸ್ಟ್ ಇಟಲಿಯ ಪಾಲಿಗೆ ಹಳೆಯ ಗಾಯ. 1957ರ ಡಿಸೆಂಬರ್‌ನಲ್ಲಿ ಇದೇ ಕ್ರೀಡಾಂಗಣದಲ್ಲಿ 1958ರ ವಿಶ್ವಕಪ್‌ನ ಅರ್ಹತಾ ಪಂದ್ಯ ನಿಗದಿಯಾಗಿತ್ತು. ದಟ್ಟ ಮಂಜಿನಿಂದಾಗಿ ಹಂಗೇರಿಯ ರೆಫ್ರಿ ಸಮಯಕ್ಕೆ ತಲುಪಲಾಗದೆ, ಅಂದಿನ ಪಂದ್ಯವನ್ನು ಸ್ನೇಹಪಂದ್ಯವೆಂದು ಆಡಿಸಲಾಯಿತು. ಅದು 2-2ರಲ್ಲಿ ಮುಗಿಯಿತು. ಅರ್ಹತೆಗೆ ಇಟಲಿಗೆ ಬೇಕಿದ್ದದ್ದು ಒಂದು ಡ್ರಾ ಮಾತ್ರ. ಆದರೆ ಆ ಡ್ರಾ ಲೆಕ್ಕಕ್ಕೆ ಬರಲಿಲ್ಲ. 1958ರ ಜನವರಿಯಲ್ಲಿ ಪಂದ್ಯ ಮತ್ತೆ ನಡೆದಾಗ ಉತ್ತರ ಐರ್ಲೆಂಡ್ 2-1ರಿಂದ ಗೆದ್ದಿತು. ಅರ್ಹತಾ ಸುತ್ತಿನಲ್ಲೇ ಮುಗ್ಗರಿಸಿ ಇಟಲಿ ವಿಶ್ವಕಪ್ ತಪ್ಪಿಸಿಕೊಂಡ ಮೊದಲ ಸಲ ಅದು. ಎರಡನೆಯದು 2017ರಲ್ಲಿ, ಸ್ವೀಡನ್ ವಿರುದ್ಧದ ಎರಡು ಪಂದ್ಯಗಳ ಪ್ಲೇಆಫ್‌ನಲ್ಲಿ ಒಟ್ಟು 1-0ಯಿಂದ ಸೋತಾಗ.

ಸಿ ಗುಂಪಿನಲ್ಲಿ ಇಟಲಿಯ ಅಂತಿಮ ಲೆಕ್ಕ: 8 ಪಂದ್ಯ, 4 ಗೆಲುವು, 4 ಡ್ರಾ, ಸೋಲು ಇಲ್ಲ. ಸೋಲಲಿಲ್ಲ ಎಂಬುದು ದೊಡ್ಡ ಮಾತಾಗಿ ಕೇಳಿಸುತ್ತದೆ. ಆದರೆ ಗೆಲುವಿಗೆ 3 ಅಂಕವಿರುವ ವ್ಯವಸ್ಥೆಯಲ್ಲಿ ಎರಡು ಡ್ರಾಗಳಿಗಿಂತ ಒಂದು ಗೆಲುವು ಮತ್ತು ಒಂದು ಸೋಲು ಮೇಲು. ನಾಲ್ಕು ಡ್ರಾಗಳಲ್ಲಿ ಇಟಲಿ ಪಡೆದದ್ದು 4 ಅಂಕ, ಕಳೆದುಕೊಂಡದ್ದು 8. ದುರ್ಬಲ ತಂಡಕ್ಕೆ ಡ್ರಾ ಗಳಿಕೆ, ಬಲಿಷ್ಠ ತಂಡಕ್ಕೆ ಅದು ನಷ್ಟ. ನಮ್ಮದೇ ಅನುಭವ ನೋಡಬಹುದು. ಅದೇ ವಿಶ್ವಕಪ್‌ನ ಏಷ್ಯಾ ಅರ್ಹತಾ ಸುತ್ತಿನಲ್ಲಿ ಭಾರತವೂ ನಾಲ್ಕು ಡ್ರಾ ಮಾಡಿಕೊಂಡಿತ್ತು. 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ವಿರುದ್ಧ, ಸುನಿಲ್ ಛೆಟ್ರಿ ಇಲ್ಲದ ತಂಡವನ್ನು ಬೆಂಗಳೂರು ಎಫ್‌ಸಿಯ ಗುರ್‌ಪ್ರೀತ್ ಸಿಂಗ್ ಸಂಧು ನಾಯಕನಾಗಿ ಮುನ್ನಡೆಸಿ, ಹೊಡೆತದ ಮೇಲೆ ಹೊಡೆತ ತಡೆದು ಉಳಿಸಿಕೊಟ್ಟ 0-0 ನಮಗೆ ಸಂಭ್ರಮ. ಬಾಂಗ್ಲಾದೇಶ ಮತ್ತು ಅಫ್ಗಾನಿಸ್ತಾನ ವಿರುದ್ಧದ 1-1ಗಳು ನಮ್ಮನ್ನು ಗುಂಪಿನ ಮೂರನೇ ಸ್ಥಾನದಲ್ಲೇ ಉಳಿಸಿದವು. ಅಂಕ ಒಂದೇ ಆದರೂ ಡ್ರಾಗಳೆಲ್ಲ ಒಂದೇ ಅಲ್ಲ.

ಹನ್ನೆರಡು ತಂಡ, ಮೂರು ದಾರಿ

ಹಿಂದೆ ಪ್ಲೇಆಫ್ ಎಂದರೆ ಎರಡು ಪಂದ್ಯ: ಒಂದು ಇಲ್ಲಿ, ಒಂದು ಅಲ್ಲಿ, ಒಟ್ಟು ಗೋಲು ನೋಡಿ ತೀರ್ಮಾನ. 2022ಕ್ಕೆ ಇದು ಬದಲಾಯಿತು. 12 ತಂಡಗಳನ್ನು ನಾಲ್ಕರಂತೆ ಮೂರು ದಾರಿಗಳಿಗೆ ಹಂಚಿದರು. ಪ್ರತಿ ದಾರಿಯಲ್ಲಿ ಎರಡು ಸೆಮಿಫೈನಲ್, ಒಂದು ಫೈನಲ್, ಎಲ್ಲವೂ ಒಂದೇ ಪಂದ್ಯದ ತೀರ್ಮಾನ. ಎರಡನೇ ಸ್ಥಾನದವರಲ್ಲಿ ಉತ್ತಮ ದಾಖಲೆಯ ಆರು ತಂಡಗಳಿಗೆ ಸೆಮಿಫೈನಲ್ ತವರಿನಲ್ಲಿ ಆಡುವ ಅನುಕೂಲ. ಆರು ತಂಡಗಳ ಗುಂಪಿನಿಂದ ಬಂದವರು ಕೊನೆಯ ಸ್ಥಾನದ ತಂಡದ ವಿರುದ್ಧ ಗಳಿಸಿದ ಅಂಕಗಳನ್ನು ಈ ಹೋಲಿಕೆಯಲ್ಲಿ ಕೈಬಿಡುತ್ತಾರೆ, ಇಲ್ಲವಾದರೆ ಅವರಿಗೆ ಎರಡು ಸುಲಭ ಪಂದ್ಯಗಳ ಲಾಭ ಸಿಕ್ಕಿಬಿಡುತ್ತದೆ.

ನವೆಂಬರ್ 26ರಂದು ಜ್ಯೂರಿಕ್‌ನಲ್ಲಿ ಚೀಟಿ ಎತ್ತಿದಾಗ ಇಟಲಿ ಮತ್ತು ಪೋರ್ಚುಗಲ್ ಒಂದೇ ದಾರಿಗೆ ಬಿದ್ದವು. ಪೋರ್ಚುಗಲ್ ಕೂಡ ತನ್ನ ಗುಂಪಿನ ಕೊನೆಯ ಪಂದ್ಯದಲ್ಲಿ ಲಿಸ್ಬನ್‌ನಲ್ಲಿ 90ನೇ ನಿಮಿಷದ ಗೋಲಿಗೆ ಸರ್ಬಿಯಾ ಎದುರು ಸೋತು ಅಲ್ಲಿಗೆ ಬಂದಿತ್ತು. ಹಿಂದಿನ ಎರಡು ಯುರೋ ಕಪ್‌ಗಳ ವಿಜೇತರಲ್ಲಿ ಒಬ್ಬರಾದರೂ ಕತಾರ್‌ಗೆ ಹೋಗುವುದಿಲ್ಲ ಎಂಬುದು ಆ ಕ್ಷಣವೇ ಖಚಿತವಾಯಿತು. ಇಟಲಿಯ ಪತ್ರಿಕೆಗಳೂ ಅಭಿಮಾನಿಗಳೂ ಪೋರ್ಚುಗಲ್ ವಿರುದ್ಧದ ಫೈನಲ್ ಬಗ್ಗೆಯೇ ಮಾತಾಡತೊಡಗಿದರು. ಅದಕ್ಕೆ ಮುನ್ನ ಪಲೆರ್ಮೊದಲ್ಲಿ ಎದುರಾಗಲಿದ್ದ ತಂಡದ ಕಡೆಗೆ ನೋಡಿದವರು ಕಡಿಮೆ.

ನೋಡಬೇಕಿತ್ತು. ಉತ್ತರ ಮ್ಯಾಸಿಡೋನಿಯಾ ಜೆ ಗುಂಪಿನಲ್ಲಿ ಜರ್ಮನಿಯ ನಂತರ ಎರಡನೇ ಸ್ಥಾನ ಪಡೆದದ್ದು 18 ಅಂಕಗಳೊಂದಿಗೆ, ರೊಮೇನಿಯಾಗಿಂತ ಒಂದೇ ಅಂಕ ಮುಂದೆ. 2021ರ ಮಾರ್ಚ್ 31ರಂದು ಡ್ಯೂಸ್‌ಬರ್ಗ್‌ನಲ್ಲಿ ಜರ್ಮನಿಯನ್ನೇ ಅದರ ನೆಲದಲ್ಲಿ 2-1ರಿಂದ ಸೋಲಿಸಿತ್ತು. ಗೋಲು ಹೊಡೆದದ್ದು ಗೊರಾನ್ ಪಾಂಡೆವ್ ಮತ್ತು ಎಲ್ಯಿಫ್ ಎಲ್ಮಾಸ್. 2001ರ ನಂತರ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಜರ್ಮನಿ ಕಂಡ ಮೊದಲ ಸೋಲು ಅದು. ಅದಕ್ಕೂ ಮುಂಚೆ, 2020ರ ನವೆಂಬರ್‌ನಲ್ಲಿ, ಟಿಬಿಲಿಸಿಯಲ್ಲಿ ಜಾರ್ಜಿಯಾವನ್ನು 1-0ಯಿಂದ ಸೋಲಿಸಿ ಯುರೋ ಕಪ್‌ಗೆ ಅರ್ಹತೆ ಗಳಿಸಿತ್ತು. ಆ ದೇಶದ ಇತಿಹಾಸದಲ್ಲಿ ಮೊದಲ ದೊಡ್ಡ ಟೂರ್ನಿ. ಅದನ್ನು ಸಾಧ್ಯವಾಗಿಸಿದ್ದು ನೇಷನ್ಸ್ ಲೀಗ್‌ನ ವ್ಯವಸ್ಥೆ: ತಮ್ಮ ಮಟ್ಟದ ತಂಡಗಳೊಂದಿಗೆ ಆಡಿ, ಗೆದ್ದವರಿಗೆ ಯುರೋ ಪ್ಲೇಆಫ್‌ನ ಬಾಗಿಲು ತೆರೆಯುವ ಏರ್ಪಾಡು. ದೊಡ್ಡ ದೇಶಗಳ ಅಭಿಮಾನಿಗಳು ನೇಷನ್ಸ್ ಲೀಗ್ ಬೇಕೇ ಎಂದು ಗೊಣಗುವುದನ್ನು ಬಹಳ ಸಲ ಓದಿದ್ದೇನೆ. ಲಿಚೆನ್‌ಸ್ಟೈನ್, ಜಿಬ್ರಾಲ್ಟರ್, ಅರ್ಮೇನಿಯಾಗಳ ಜೊತೆ ಕೆಳಗಿನ ದರ್ಜೆಯಲ್ಲಿ ಆಡಿ, ಗೆಲ್ಲುವ ಅಭ್ಯಾಸ ಮಾಡಿಕೊಂಡು ಮೇಲೆ ಬಂದ ಈ ತಂಡವನ್ನು ನೋಡಿದವರು ಹಾಗೆ ಹೇಳಲಾರರು. ವರ್ಷಗಟ್ಟಲೆ ಸೋತು ಸೋತು ಬಂದ ತಂಡಕ್ಕೆ ಬಿಗಿಯಾದ ಪಂದ್ಯದ ಕೊನೆಯ ಹತ್ತು ನಿಮಿಷ ಹೇಗೆ ಆಡಬೇಕು ಎಂಬುದು ಗೊತ್ತಿರುವುದಿಲ್ಲ. ಇವರಿಗೆ ಗೊತ್ತಿತ್ತು.

ಮೂವತ್ತೆರಡು ಹೊಡೆತಗಳ ಅರ್ಥ

ಕೋಚ್ ರೊಬೆರ್ಟೊ ಮಾಂಚಿನಿ ಕೈಯಲ್ಲಿ ಆ ಹೊತ್ತಿಗೆ ಯುರೋ ಗೆದ್ದ ತಂಡ ಪೂರ್ತಿಯಾಗಿ ಇರಲಿಲ್ಲ. ಕಿಯೆಜಾ ಜನವರಿಯಲ್ಲಿ ಮೊಣಕಾಲಿನ ಗಾಯಕ್ಕೆ ಒಳಗಾಗಿದ್ದರು. ಎಡಬದಿಯಲ್ಲಿ ಮಿಂಚಿದ್ದ ಲಿಯೊನಾರ್ಡೊ ಸ್ಪಿನಜ್ಜೊಲ ಯುರೋ ಟೂರ್ನಿಯಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಹೊರಗಿದ್ದರು. ಇವರಿಬ್ಬರೂ ಎದುರಾಳಿಯನ್ನು ಒಬ್ಬರಿಗೊಬ್ಬರು ಎದುರಿಸಿ ದಾಟಿ ಹೋಗಬಲ್ಲ ಆಟಗಾರರು. ಒತ್ತೊತ್ತಾಗಿ ನಿಂತ ರಕ್ಷಣೆಯನ್ನು ಒಡೆಯಲು ಬೇಕಾದದ್ದು ಅದೇ ಗುಣ.

ಉತ್ತರ ಮ್ಯಾಸಿಡೋನಿಯಾದ ಕೋಚ್ ಬ್ಲಾಗೊಯಾ ಮಿಲೆವ್‌ಸ್ಕಿ ಆ ರಾತ್ರಿ ಕಟ್ಟಿದ್ದು ಅಂಥ ರಕ್ಷಣೆಯನ್ನೇ. ಇಡೀ ತಂಡ ತನ್ನ ಪೆನಾಲ್ಟಿ ಆವರಣದ ಸುತ್ತ ಎರಡು ಸಾಲುಗಳಲ್ಲಿ ಇಳಿದು ನಿಲ್ಲುತ್ತದೆ. ಸಾಲುಗಳ ನಡುವೆ ಜಾಗ ಬಿಡುವುದಿಲ್ಲ. ಚೆಂಡು ಬದಿಗಳಲ್ಲಿ ಓಡಾಡಲಿ, ದೂರದಿಂದ ಹೊಡೆದರೆ ಹೊಡೆಯಲಿ, ಗೋಲಿನ ಎದುರಿಗೆ ಮಾತ್ರ ಬರಬಾರದು ಎಂಬುದು ಲೆಕ್ಕ. ಪೆನಾಲ್ಟಿಯಾದರೆ ನಾಲ್ಕರಲ್ಲಿ ಮೂರು ಒಳಗೆ ಹೋಗುತ್ತವೆ. 25 ಮೀಟರ್ ದೂರದಿಂದ, ಎದುರಿಗೆ ಮೂರು ಮಂದಿ ಅಡ್ಡ ನಿಂತಿರುವಾಗ ಹೊಡೆದ ಚೆಂಡು ನೂರರಲ್ಲಿ ಕೆಲವೇ ಸಲ ಗೋಲಾಗುತ್ತದೆ. ಆದ್ದರಿಂದ ಹೊಡೆತಗಳ ಸಂಖ್ಯೆಯೊಂದೇ ಏನನ್ನೂ ಹೇಳುವುದಿಲ್ಲ. ಎಲ್ಲಿಂದ, ಯಾವ ಸ್ಥಿತಿಯಲ್ಲಿ ಹೊಡೆದರು ಎಂಬುದು ಮುಖ್ಯ. ಇಟಲಿಯ 32ರಲ್ಲಿ ಬಹುಪಾಲು ರಕ್ಷಕರ ಮೈಗೆ ಬಡಿದವು, ಇಲ್ಲವೇ ಗುರಿ ತಪ್ಪಿದವು. ಗೋಲ್‌ಕೀಪರ್ ತಡೆಯಬೇಕಾಗಿ ಬಂದದ್ದು ಬೆರಳೆಣಿಕೆಯಷ್ಟು ಮಾತ್ರ.

ಒಂದು ಅವಕಾಶ ಮಾತ್ರ ನಿಜಕ್ಕೂ ಬಂಗಾರದಂಥದ್ದು. ಮೊದಲಾರ್ಧದ ನಡುವೆ ಗೋಲ್‌ಕೀಪರ್ ಸ್ಟೊಲೆ ಡಿಮಿಟ್ರಿಯೆವ್‌ಸ್ಕಿ ತಪ್ಪಾಗಿ ಕೊಟ್ಟ ಪಾಸ್ ನೇರವಾಗಿ ಡೊಮೆನಿಕೊ ಬೆರಾರ್ಡಿ ಕಾಲಿಗೆ ಬಂತು. ಗೋಲು ಹೆಚ್ಚುಕಡಿಮೆ ಖಾಲಿ. ಬೆರಾರ್ಡಿ ಹೊಡೆದ ಚೆಂಡಿಗೆ ವೇಗವಿರಲಿಲ್ಲ; ಡಿಮಿಟ್ರಿಯೆವ್‌ಸ್ಕಿ ಹಿಂದಕ್ಕೆ ಓಡಿ ತಡೆದರು. ತನ್ನ ತಪ್ಪನ್ನು ತಾನೇ ತಿದ್ದಿಕೊಂಡ ಆ ಗೋಲ್‌ಕೀಪರ್‌ನ ಓಟವನ್ನು ಟ್ರಾಯ್ಕೊವ್‌ಸ್ಕಿಯ ಗೋಲಿನಷ್ಟೇ ಮೆಚ್ಚಬೇಕು ಎನ್ನುವವನು ನಾನು.

ಸಮಯ ಕಳೆದಂತೆ ಒಂದೇ ಪಂದ್ಯದ ಪ್ಲೇಆಫ್‌ನ ಮನಃಶಾಸ್ತ್ರ ಕೆಲಸ ಮಾಡತೊಡಗಿತು. ರಕ್ಷಣೆಗೆ ನಿಂತ ತಂಡಕ್ಕೆ 0-0 ಎಂದರೆ 30 ನಿಮಿಷಗಳ ಹೆಚ್ಚುವರಿ ಆಟ, ಆಮೇಲೆ ಪೆನಾಲ್ಟಿಗಳು. ಅಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದ ಬಹುಮಟ್ಟಿಗೆ ಅಳಿಯುತ್ತದೆ. ಎರಡು ಪಂದ್ಯಗಳಿದ್ದರೆ ಇಟಲಿ ಎದುರಾಳಿಯ ರಾಜಧಾನಿ ಸ್ಕೋಪ್ಯೆಗೆ ಹೋಗಿ ಸರಿಪಡಿಸಿಕೊಳ್ಳಬಹುದಿತ್ತು. ಇಲ್ಲಿ ಆ ಅವಕಾಶವಿಲ್ಲ ಎಂಬ ಅರಿವೇ ಕಾಲಿಗೆ ಭಾರವಾಯಿತು. ಜೊರ್ಜಿನ್ಯೊ, ಮಾರ್ಕೊ ವೆರಾಟ್ಟಿ ಅವರಂಥ ನಿಪುಣರೂ ಪಾಸ್‌ಗಳನ್ನು ಅವಸರಿಸಿದರು. ಚಿರೊ ಇಮ್ಮೊಬಿಲೆಗೆ ತಿರುಗಲು ಜಾಗವೇ ಸಿಗಲಿಲ್ಲ. ಹೊಸಬರನ್ನು ಕಣಕ್ಕಿಳಿಸಿದರೂ ಆಟದ ಲಯ ಬದಲಾಗಲಿಲ್ಲ.

ಟ್ರಾಯ್ಕೊವ್‌ಸ್ಕಿ ಗೋಲು ಬಂದದ್ದು ಸರಳವಾಗಿ. ಹಿಂದಿನಿಂದ ಉದ್ದಕ್ಕೆ ಹೊಡೆದ ಚೆಂಡು, ಗಾಳಿಯಲ್ಲಿ ತಲೆಗೆ ತಲೆಯ ಪೈಪೋಟಿ, ಸಿಡಿದು ಬಂದದ್ದನ್ನು ಎದೆಯಿಂದ ಹಿಡಿದಿಟ್ಟು, ಎರಡು ಹೆಜ್ಜೆ, ಹೊಡೆತ. ಇಟಲಿಯ ಆಟಗಾರರು ಗೋಲಿಗಾಗಿ ಮುಂದೆ ನುಗ್ಗಿದ್ದರಿಂದ ಅವರ ಸುತ್ತ ಜಾಗವಿತ್ತು. ಟ್ರಾಯ್ಕೊವ್‌ಸ್ಕಿ 2015ರಿಂದ 2019ರವರೆಗೆ ಪಲೆರ್ಮೊ ಕ್ಲಬ್‌ಗೇ ಆಡಿದವರು. ಆ ಹುಲ್ಲುಹಾಸು ಅವರಿಗೆ ಇಟಲಿಯ ಎಷ್ಟೋ ಆಟಗಾರರಿಗಿಂತ ಚೆನ್ನಾಗಿ ಗೊತ್ತಿತ್ತು.

ಐದು ದಿನಗಳ ನಂತರ ಪೋರ್ಟೊದಲ್ಲಿ ಪೋರ್ಚುಗಲ್ ಎದುರು ಬ್ರೂನೊ ಫೆರ್ನಾಂಡಿಸ್ ಹೊಡೆದ ಎರಡು ಗೋಲುಗಳಿಂದ ಉತ್ತರ ಮ್ಯಾಸಿಡೋನಿಯಾ 2-0ಯಿಂದ ಸೋತಿತು. ವಿಶ್ವಕಪ್ ಅವರಿಗೂ ದಕ್ಕಲಿಲ್ಲ. ಇನ್ನೊಂದು ದಾರಿಯಲ್ಲಿ, ಉಕ್ರೇನ್ ಮೇಲಿನ ಆಕ್ರಮಣದ ಕಾರಣ ರಷ್ಯಾವನ್ನು ಹೊರಹಾಕಿದ್ದರಿಂದ ಪೋಲೆಂಡ್ ನೇರ ಫೈನಲ್‌ಗೆ ಹೋಗಿ ಸ್ವೀಡನ್ನನ್ನು ಸೋಲಿಸಿತು. ಮೂರನೆಯದರಲ್ಲಿ ಯುದ್ಧದಿಂದಾಗಿ ಜೂನ್‌ಗೆ ಮುಂದೂಡಿದ್ದ ಪಂದ್ಯಗಳಲ್ಲಿ ಉಕ್ರೇನ್ ಸ್ಕಾಟ್ಲೆಂಡನ್ನು ಮಣಿಸಿ, ಕಾರ್ಡಿಫ್‌ನಲ್ಲಿ ವೇಲ್ಸ್ ಎದುರು 1-0ಯಿಂದ ಸೋತಿತು. ವೇಲ್ಸ್ ಅದಕ್ಕೂ ಮುನ್ನ ವಿಶ್ವಕಪ್ ಆಡಿದ್ದು 1958ರಲ್ಲಿ, ಇಟಲಿ ಬೆಲ್‌ಫಾಸ್ಟ್‌ನಲ್ಲಿ ಎಡವಿದ ಅದೇ ವರ್ಷ.

ಆಮೇಲೆ ಬದಲಾದದ್ದು

2026ರ ವಿಶ್ವಕಪ್‌ನಲ್ಲಿ ತಂಡಗಳ ಸಂಖ್ಯೆ 48ಕ್ಕೆ ಏರಿದ್ದರಿಂದ ಯುರೋಪಿಗೆ 16 ಸ್ಥಾನಗಳು ಸಿಕ್ಕಿವೆ. ಮೂರು ಸ್ಥಾನ ಹೆಚ್ಚಾಯಿತು, ದಾರಿ ಸುಲಭವಾಯಿತು ಎಂದುಕೊಳ್ಳುವ ಮೊದಲು ಗುಂಪುಗಳ ರಚನೆ ನೋಡಬೇಕು. ಅದರ ಅರ್ಹತಾ ಸುತ್ತಿನಲ್ಲಿದ್ದದ್ದು 12 ಗುಂಪುಗಳು, ಪ್ರತಿಯೊಂದರಲ್ಲಿ ನಾಲ್ಕು ಅಥವಾ ಐದು ತಂಡಗಳು ಮಾತ್ರ. ನಾಲ್ಕರ ಗುಂಪಿನಲ್ಲಿ ಆಡಿದ್ದು ಕೇವಲ 6 ಪಂದ್ಯ. ಗುಂಪಿನ ಮೊದಲಿಗರು 12 ಮಂದಿ ನೇರ ಪ್ರವೇಶ ಪಡೆದರು. ಹನ್ನೆರಡು ಗುಂಪುಗಳ ಎರಡನೆಯವರೂ ನೇಷನ್ಸ್ ಲೀಗ್‌ನಿಂದ ಬಂದ ನಾಲ್ಕು ತಂಡಗಳೂ ಸೇರಿ 16 ತಂಡಗಳು ಉಳಿದ 4 ಸ್ಥಾನಗಳಿಗೆ ಪ್ಲೇಆಫ್ ಆಡುವ ವ್ಯವಸ್ಥೆ, ಇಲ್ಲಿಯೂ ಎಲ್ಲವೂ ಒಂದೇ ಪಂದ್ಯದ ತೀರ್ಮಾನ. ಪಂದ್ಯಗಳು ಕಡಿಮೆಯಾದಷ್ಟೂ ಒಂದೊಂದರ ತೂಕ ಹೆಚ್ಚುತ್ತದೆ.

ಇಟಲಿಗೆ ಇದರ ಪಾಠ ಇನ್ನೊಂದು ಬಗೆಯಲ್ಲಿ ಆಯಿತು. ಐದು ತಂಡಗಳ ಗುಂಪಿನಲ್ಲಿ ನಾರ್ವೆ, ಇಸ್ರೇಲ್, ಎಸ್ಟೋನಿಯಾ ಮತ್ತು ಮಾಲ್ಡೋವಾ ಜೊತೆ ಆಡಿದ ಅದು ಈ ಸಲ ಒಂದೂ ಡ್ರಾ ಮಾಡಿಕೊಳ್ಳಲಿಲ್ಲ. 8ರಲ್ಲಿ 6 ಗೆದ್ದು 18 ಅಂಕ ಗಳಿಸಿತು. 2021ರಲ್ಲಿ ಸ್ವಿಟ್ಜರ್ಲೆಂಡ್‌ಗೆ ಕತಾರ್ ಟಿಕೆಟ್ ಕೊಡಿಸಿದ್ದೂ ಇಷ್ಟೇ ಅಂಕ. ಆದರೆ ಸೋತ ಎರಡೂ ಪಂದ್ಯಗಳು ನೇರ ಎದುರಾಳಿ ನಾರ್ವೆಯ ವಿರುದ್ಧವೇ: ಓಸ್ಲೊದಲ್ಲಿ 3-0, 2025ರ ನವೆಂಬರ್‌ನಲ್ಲಿ ಮಿಲಾನ್‌ನಲ್ಲಿ 4-1. ನಾರ್ವೆ ಎಂಟಕ್ಕೆ ಎಂಟೂ ಗೆದ್ದು 24 ಅಂಕ ಪಡೆಯಿತು, ಇಟಲಿಯ ಪಾಲಿಗೆ ಮತ್ತೆ ಎರಡನೇ ಸ್ಥಾನ, ಮತ್ತೆ ಪ್ಲೇಆಫ್.